ಹಳೇ ಪದ್ಮಿನಿಯ ಸಿಲ್ ಒಳಗೆ ತುಕ್ಕು: ಮಳೆಗಾಲಕ್ಕೆ ಮುಂಚೆ ಏನು ಮಾಡಬಹುದು?

ಕಾಪು_ಪದ್ಮಿನಿ

ಎಲ್ಲರಿಗೂ ನಮಸ್ಕಾರ. 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಹಾಸನದಲ್ಲಿದ್ದಾಗ ಓಡಿಸುತ್ತಿದ್ದ ಗಾಡಿ, ಈಗ ನನ್ನ ಜೊತೆ ಕಾಪುವಿಗೆ ಬಂದಿದೆ. ಮನೆ ಟೆರೇಸಿನಿಂದ ಸಮುದ್ರ ಕಾಣುತ್ತದೆ, ಅಂದರೆ ಎಷ್ಟು ಹತ್ತಿರ ಅಂತ ಲೆಕ್ಕ ಹಾಕಿ.

ಹೊರಗಿನಿಂದ ಗಾಡಿ ಚೆನ್ನಾಗಿದೆ. ಕಾಲಡಿಯ ಶೀಟೂ ಗಟ್ಟಿ. ಆದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಇದೆಯಲ್ಲ, ಅದನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರೆ ಮಧ್ಯದಲ್ಲಿ ಟಣ್ ಅನ್ನುತ್ತದೆ, ಮುಂದಿನ ಚಕ್ರದ ಹತ್ತಿರ ದಬ್ ಅನ್ನುತ್ತದೆ. ಫೋನಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ತಂದು, ರಬ್ಬರ್ ಬುಚ್ಚು ಕಿತ್ತು ಒಳಗೆ ಬಿಟ್ಟು ನೋಡಿದೆ. ಮಧ್ಯದಲ್ಲಿ ಹಳೇ ಪ್ರೈಮರ್ ಇನ್ನೂ ಉಳಿದಿದೆ, ಅಲ್ಲಲ್ಲಿ ಕಿತ್ತಳೆ ಪುಡಿ. ಮುಂದಿನ ತುದಿಯಲ್ಲಿ ಎಲೆಚೂರು, ಮಣ್ಣು ಸೇರಿ ಒಂದು ಗುಪ್ಪೆ. ಅದರ ಅಂಚಿನಲ್ಲಿ ತುಕ್ಕು ಪದರ ಪದರವಾಗಿ ಎದ್ದಿದೆ.

ಇಲ್ಲಿನ ಪೇಂಟ್ ಶಾಪಿನವರು "ಕೆಳಗಿಂದ ದಪ್ಪಗೆ ಅಂಡರ್‌ಕೋಟ್ ಹೊಡೆದುಬಿಡುವ, ಹತ್ತು ವರ್ಷ ತಿರುಗಿ ನೋಡುವುದು ಬೇಡ" ಅನ್ನುತ್ತಾರೆ. ಒಳಗಿನ ಗತಿ ಏನು ಅಂದರೆ "ಒಳಗೆ ಯಾರಿಗೆ ಕಾಣುತ್ತದೆ" ಅಂದರು. ಜೂನ್‌ಗೆ ಮುಂಚೆ ಏನಾದರೂ ಮಾಡಬೇಕು. ತಿಳಿದವರು ಹೇಳಿ.

ಕಾಫಿತೋಟ_ಅಂಬಾಸಿಡರ್

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಸರ್. ನಮ್ಮ ಮೂಡಿಗೆರೆ ಕಡೆ ಮೊದಲಿಂದ ಒಂದೇ ಪದ್ಧತಿ. ಮೇ ತಿಂಗಳಲ್ಲಿ ಸರ್ವೀಸ್ ಸ್ಟೇಷನ್ನಲ್ಲಿ ಗಾಡಿ ಮೇಲೆತ್ತಿಸಿ, ಇಂಜಿನ್ನಿಂದ ಇಳಿಸಿದ ಕರಿ ಆಯಿಲ್‌ಗೆ ಸ್ವಲ್ಪ ಡೀಸೆಲ್ ಬೆರೆಸಿ ಗನ್ನಲ್ಲಿ ಹೊಡೆಸುವುದು. ಆಮೇಲೆ ಮಣ್ಣು ರೋಡಲ್ಲಿ ಒಂದು ರೌಂಡು. ಧೂಳು ಕೂತು ಒಳ್ಳೇ ಪದರ ಆಗುತ್ತದೆ. ನಮ್ಮ ಅಂಬಾಸಿಡರ್ ಈಗಲೂ ಘಾಟಿ ಇಳಿದು ಹತ್ತುತ್ತದೆ.

ಬೆಂಗಳೂರು_ಹೆರಾಲ್ಡ್

ಗುರು, ಘಾಟಿ ಹತ್ತುತ್ತೆ ಸರಿ, ಹಿಂದೆ ಬರುವವನ ವಿಂಡ್‌ಶೀಲ್ಡ್ ಗತಿ? 😀

ತಗಡು_ತಟ್ಟುವವ

ನಾನು ಟಿಂಕರಿಂಗ್ ಕೆಲಸದವನು. ಹಳೇ ಫಿಯಟ್, ಅಂಬಾಸಿಡರ್ ಕೈಗೆ ಸಿಕ್ಕಿದ್ದು ಬೇಕಾದಷ್ಟು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪದ್ಮಿನಿಗೆ ಲಾರಿಗಿದ್ದಂತೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ಅಂಬಾಸಿಡರೂ ಹಾಗೇ. ಸಿಲ್, ಬಾಗಿಲ ಕಂಬಗಳು, ಮುಂದೆ ಹಿಂದೆ ಹೋಗುವ ಬಾಕ್ಸ್ ಮೆಂಬರ್‌ಗಳು, ಇವೇ ಗಾಡಿಯ ಬೆನ್ನು. ಎಲ್ಲವೂ ತಗಡು ಮಡಚಿ, ಅಂಚಿಗೆ ಅಂಚು ಇಟ್ಟು ಸ್ಪಾಟ್ ವೆಲ್ಡ್ ಮಾಡಿದ ಟೊಳ್ಳು ಪೆಟ್ಟಿಗೆಗಳು. ಈಗಿನ ಗಾಡಿಗಳಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸುತ್ತಾರೆ, ಬಣ್ಣ ಮೂಲೆ ಮೂಲೆಗೂ ಹೋಗಿ ಕೂರುತ್ತದೆ. ನಮ್ಮ ಹಳೇ ಗಾಡಿಗಳ ಪೆಟ್ಟಿಗೆ ಒಳಗೆ ಪ್ರೈಮರ್ ಹೋದಷ್ಟು ಹೋಯಿತು, ಇಲ್ಲದ ಕಡೆ ಬರೀ ತಗಡು. ಎರಡು ತಗಡು ಒಂದಕ್ಕೊಂದು ಒತ್ತಿಕೊಂಡಿರುವ ಅಂಚಿನ ಸಂದಿಗಂತೂ ಬಣ್ಣ ಹೋಗುವುದೇ ಇಲ್ಲ. ನೀರು ಮಾತ್ರ ಹೋಗುತ್ತದೆ.

ಆದ್ದರಿಂದ ಸಿಲ್ ತಿನ್ನುವುದು ಒಳಗಿಂದ ಹೊರಗೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡ ದಿನ ಅದರ ಹಿಂದಿನ ತಗಡು ಮುಗಿದಿರುತ್ತದೆ. ಹೊರಗೆ ಏನೇ ಹೊಡೆದರೂ ಒಳಗಿನದ್ದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ದಪ್ಪ ಅಂಡರ್‌ಕೋಟ್. ಡಾಂಬರಿನ ಜಾತಿಯದ್ದು ಹೊಸತರಲ್ಲಿ ಚೆನ್ನ. ಕೆಲವು ಬೇಸಿಗೆ ಕಳೆದ ಮೇಲೆ ಒಣಗಿ ಕೂದಲೆಳೆ ಬಿರುಕು ಬಿಡುತ್ತದೆ. ಬಿರುಕಲ್ಲಿ ನೀರು ಒಳಗೆ ಹೋಗುತ್ತದೆ, ಬಿಸಿಲಿಗೆ ಒಣಗಿ ಹೊರಗೆ ಬರಲು ದಾರಿ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹೊಡೆಯುವ ಹುಡುಗ ಸಿಲ್ ಅಡಿಯ ನೀರು ಕಿಂಡಿಗಳನ್ನೂ ಸೇರಿಸಿ ಮುಚ್ಚಿಬಿಡುತ್ತಾನೆ. ಒಂದು ಗಾಡಿ ಬಂದಿತ್ತು, ಕೆಳಗೆ ಹೊಸ ಕೋಟಿಂಗ್ ಮಿರಮಿರ ಮಿಂಚುತ್ತಿತ್ತು. ಕಿಂಡಿ ಇರಬೇಕಾದ ಜಾಗದಲ್ಲಿ ಚಾಕು ತುದಿಯಿಂದ ಕೆರೆದೆ. ಮೊದಲು ಒಂದು ಹನಿ, ಆಮೇಲೆ ಕಾಫಿ ಬಣ್ಣದ ನೀರು ಧಾರೆಯಾಗಿ ಸುರಿಯಿತು. ಕೊನೆಗೆ ಬಂದದ್ದು ನೀರಲ್ಲ, ತುಕ್ಕಿನ ಚಕ್ಕೆ.

ಅಂಡರ್‌ಕೋಟ್ ಹೊಡೆಸಲೇಬೇಡಿ ಅನ್ನುವುದಿಲ್ಲ. ಚಕ್ರದ ಗೂಡಿಗೆ ಕಲ್ಲು ಬಡಿಯುವ ಕಡೆ ಬೇಕು. ಆದರೆ ಒಳಗಿನ ಕೆಲಸ ಮುಗಿಯುವ ತನಕ ಹೊರಗಿನದ್ದನ್ನು ಮುಟ್ಟಬೇಡಿ.

ಕಾಪು_ಪದ್ಮಿನಿ

ಅಣ್ಣ, ಇದನ್ನು ಓದಿ ಈಗಷ್ಟೇ ಗಾಡಿ ಅಡಿಗೆ ನುಗ್ಗಿ ಬಂದೆ. ಬಲಗಡೆ ಕಿಂಡಿಗಳು ಇವೆ. ಎಡಗಡೆ ಎರಡು ಸಂಪೂರ್ಣ ಕಟ್ಟಿವೆ.

ತಗಡು_ತಟ್ಟುವವ

ಹಿಡಿಸೂಡಿ ಕಡ್ಡಿ ಹಾಕಿ ಬಿಡಿಸಿ. ಕಬ್ಬಿಣದ ತಂತಿ ಬೇಡ, ಉಳಿದಿರುವ ಬಣ್ಣ ಗೀರುತ್ತದೆ. ಬಾಗಿಲುಗಳ ಅಡಿಯಂಚಿನಲ್ಲೂ ಕಿಂಡಿ ಇರುತ್ತವೆ, ಅವನ್ನೂ ನೋಡಿ. ವಿಂಡ್‌ಶೀಲ್ಡ್ ಕೆಳಗಿನ ಗಾಳಿ ಗೂಡಿನಲ್ಲಿ ಎಲೆ ತುಂಬಿದ್ದರೆ ಕೈ ಹಾಕಿ ತೆಗೆಯಿರಿ. ಅಲ್ಲಿ ನಿಂತ ನೀರು ಕಂಬದೊಳಗೆ ಇಳಿದು ಸಿಲ್‌ನ ಮುಂದಿನ ತುದಿಗೇ ಬರುವುದು. ನಿಮ್ಮ ದಬ್ ಶಬ್ದದ ಮೂಲ ಅದೇ ಇರಬಹುದು.

ಕೆಮಿಸ್ಟ್ರಿ_ಮೇಡಂ

ಗಾಡಿ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ, ಯಜಮಾನರಿಗೆ ಹುಚ್ಚು. ತುಕ್ಕಿನ ಪಾಠ ಮಾತ್ರ ಪ್ರತಿ ವರ್ಷ ಮಾಡುತ್ತೇನೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು ಅಂತ ಹೈಸ್ಕೂಲಲ್ಲೇ ಓದಿರುತ್ತೇವೆ. ಕಾಪುವಿನಲ್ಲಿ ಮೂರನೆಯದು ಇದೆ, ಉಪ್ಪು. ಸಮುದ್ರದ ಗಾಳಿಯಲ್ಲಿ ಬಂದ ಉಪ್ಪು ತಗಡಿನ ಮೇಲೆ ಕೂರುತ್ತದೆ. ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಗಾಳಿಯ ತೇವ ಶೇಕಡಾ 75 ದಾಟಿದರೆ ಅದು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುವುದರಿಂದ ಅದಕ್ಕಿಂತ ತುಂಬಾ ಕಡಿಮೆ ತೇವದಲ್ಲೇ, ಶೇಕಡಾ 35ರ ಸುಮಾರಿಗೇ, ಒದ್ದೆಯಾಗಲು ಶುರು. ಕರಾವಳಿಯಲ್ಲಿ ಮಳೆಗಾಲದ ತೇವ ಶೇಕಡಾ 85 ದಾಟಿಯೇ ಇರುತ್ತದೆ. ಅಂದರೆ ಮಳೆ ನಿಂತ ದಿನವೂ, ಗಾಡಿ ಶೆಡ್ಡಿನಲ್ಲಿದ್ದರೂ, ಸಿಲ್ ಒಳಗಿನ ತಗಡು ಒಣಗಿರುವುದಿಲ್ಲ. ಹಾಸನದಲ್ಲಿ ಅದೇ ಗಾಡಿ ಆರಾಮಾಗಿ ಇದ್ದದ್ದಕ್ಕೆ ಕಾರಣ ಇದೇ.

ಪದರ ಪದರ ಏಳುವುದು ಯಾಕೆ ಅಂದರೆ, ತುಕ್ಕಾದಾಗ ಅದು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಎರಡು ತಗಡಿನ ಸಂದಿಯಲ್ಲಿ ತುಕ್ಕು ಬೆಳೆದರೆ ತಗಡುಗಳನ್ನೇ ಬಗೆದು ದೂರ ತಳ್ಳುತ್ತದೆ. ಆಗ ಇನ್ನಷ್ಟು ನೀರಿಗೆ ದಾರಿ.

ಕಾಫಿತೋಟ_ಅಂಬಾಸಿಡರ್

ಮೇಡಂ, ಹಾಗಾದರೆ ಎಣ್ಣೆ ಹೊಡೆದರೆ ನೀರು ತಾಗುವುದಿಲ್ಲ, ಮುಗಿಯಿತಲ್ಲ? ಕರಿ ಆಯಿಲ್‌ನಲ್ಲಿ ತಪ್ಪೇನು?

ಕೆಮಿಸ್ಟ್ರಿ_ಮೇಡಂ

ಎಣ್ಣೆಯ ಯೋಚನೆ ಸರಿ. ಸುಟ್ಟ ಎಣ್ಣೆ ಸರಿಯಲ್ಲ. ಇಂಜಿನ್‌ನಲ್ಲಿ ಓಡಿದ ಆಯಿಲ್‌ಗೆ ಇಂಧನ ಉರಿದಾಗ ಹುಟ್ಟಿದ ಆಮ್ಲ, ನೀರು, ಲೋಹದ ಕಣ ಎಲ್ಲ ಸೇರಿರುತ್ತವೆ. ಅದನ್ನೇ ತಂದು ತಗಡಿಗೆ ಬಳಿಯುವುದು ಯಾಕೆ? ಕೈಗೆ ಮೆತ್ತಿಕೊಳ್ಳುವುದೂ ಒಳ್ಳೆಯದಲ್ಲ. ಮೊದಲ ಜೋರು ಮಳೆಗೆ ತೊಳೆದು ಹೋಗಿ ನಿಮ್ಮ ತೋಟದ ಹಳ್ಳ ಸೇರುತ್ತದೆ.

ತಗಡು_ತಟ್ಟುವವ

ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸಿ. ಡೀಸೆಲ್ ಬೆರೆಸಿದ ಆಯಿಲ್ ಲೀಫ್ ಸ್ಪ್ರಿಂಗ್ ಬುಷ್, ಸಸ್ಪೆನ್ಷನ್ ಬುಷ್ ಎಲ್ಲದರ ಮೇಲೂ ಬೀಳುತ್ತದೆ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಆದರೂ ಒಂದು ಮಾತು ಒಪ್ಪುತ್ತೇನೆ. ಪ್ರತಿ ಮೇ ತಿಂಗಳು ತಪ್ಪದೆ ಕರಿ ಆಯಿಲ್ ಹೊಡೆಸಿದ ತೋಟದ ಗಾಡಿಗಳ ನೆಲ, ಒಮ್ಮೆ ದುಬಾರಿ ಕೋಟಿಂಗ್ ಮಾಡಿಸಿ ಮರೆತ ಸಿಟಿ ಗಾಡಿಗಳಿಗಿಂತ ಗಟ್ಟಿ ಇದ್ದದ್ದು ನೋಡಿದ್ದೇನೆ. ಆಯಿಲ್‌ನ ಗುಣಕ್ಕಲ್ಲ, ವರ್ಷಕ್ಕೊಮ್ಮೆ ಗಾಡಿ ಅಡಿಗೆ ಹೋಗಿ ನೋಡಿದ್ದಕ್ಕೆ.

ಮರವಂತೆ_ಬೋಟ್

ಎಣ್ಣೆ ಅಂದ ಕೂಡಲೇ ನಾನು ಬರಲೇಬೇಕು. ನಮ್ಮದು ಮರವಂತೆ, ಹೈವೇಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಗಾಡಿಗಳಿಗೆ ಇದಕ್ಕಿಂತ ಕೆಟ್ಟ ಊರು ಹುಡುಕಿದರೂ ಸಿಗಲಿಕ್ಕಿಲ್ಲ ಮಾರಾಯ್ರೆ.

ಮೊದಲೆಲ್ಲ ಮರದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು, ಗೇರೆಣ್ಣೆಯೂ ಬಳಿಯುತ್ತಿದ್ದರು. ನಮ್ಮ ದೊಡ್ಡಪ್ಪ ಜೀಪಿನ ಅಡಿಗೂ ಮೀನೆಣ್ಣೆ ಬಳಿದವರು. ತುಕ್ಕು ನಿಜವಾಗಿ ಕಮ್ಮಿ ಇತ್ತು. ಆದರೆ ಊರ ಬೆಕ್ಕುಗಳೆಲ್ಲ ಜೀಪಿನ ಅಡಿಯಲ್ಲೇ ವಾಸ. ಇದನ್ನು ಯಾರಾದರೂ ಮಾಡಿದ್ದೀರಾ?

ಕೆಮಿಸ್ಟ್ರಿ_ಮೇಡಂ

ನಗಬೇಡಿ, ದೊಡ್ಡಪ್ಪ ಹೇಳಿದ್ದರಲ್ಲಿ ವಿಷಯ ಇದೆ. ಮೀನೆಣ್ಣೆ ಗಾಳಿಗೆ ನಿಧಾನ ಒಣಗಿ ಪೊರೆ ಕಟ್ಟುವ ಜಾತಿಯ ಎಣ್ಣೆ, ಅಗಸೆ ಎಣ್ಣೆಯ ಹಾಗೆ. ತುಕ್ಕಿನ ಸಣ್ಣ ಸಣ್ಣ ರಂಧ್ರದೊಳಗೂ ಇಳಿಯುತ್ತದೆ. ಅಮೆರಿಕದ ರಸ್ಟ್-ಓಲಿಯಂ ಕಂಪನಿ 1921ರಲ್ಲಿ ಶುರುವಾದದ್ದೇ ಇದರಿಂದ. ಒಬ್ಬ ಹಡಗಿನ ಕ್ಯಾಪ್ಟನ್ ತುಕ್ಕು ಹಿಡಿದ ಡೆಕ್ ಮೇಲೆ ಮೀನೆಣ್ಣೆ ಚೆಲ್ಲಿದ ಕಡೆ ತುಕ್ಕು ನಿಂತದ್ದನ್ನು ಗಮನಿಸಿದ್ದ. ಆಸ್ಟ್ರೇಲಿಯಾದಲ್ಲಿ ಮೀನೆಣ್ಣೆಯ ತುಕ್ಕುನಿರೋಧಕ ಡಬ್ಬಿಯಲ್ಲೇ ಮಾರುತ್ತಾರೆ.

ಗೇರೆಣ್ಣೆ ಮಾತ್ರ ಬೇಡ. ಅದರ ಮುಖ್ಯ ಭಾಗವೇ ಅನಾಕಾರ್ಡಿಕ್ ಆಮ್ಲ. ಮೈಗೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ ಅಂತ ನಿಮ್ಮೂರಿನ ಮಕ್ಕಳಿಗೂ ಗೊತ್ತು. ಮರಕ್ಕೆ ಹುಳ ಹಿಡಿಯದಂತೆ ಸರಿ, ಕಾರಿನ ತಗಡಿಗೆ ಅಲ್ಲ.

ಬೆಂಗಳೂರು_ಹೆರಾಲ್ಡ್

ಮಳೆ ನೀರಲ್ಲಿ ಬಂಗುಡೆ ವಾಸನೆ ಬರುವ ಪದ್ಮಿನಿ. ಸೂಪರ್.

ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್. ಚಾಸಿಸ್ ಬೇರೆ ಇದೆ, ಸಿಲ್ ಬೋಲ್ಟ್ ಹಾಕಿದ ಅಲಂಕಾರ ಅಷ್ಟೆ, ಕಿತ್ತು ಹೊಸದು ಹಾಕಬಹುದು. ಅದಕ್ಕೆ ನೆಮ್ಮದಿ. ಆದರೆ ಚಾಸಿಸ್‌ನಿಂದ ಪಕ್ಕಕ್ಕೆ ಚಾಚಿದ ಕೈಗಳಿವೆಯಲ್ಲ, ಅವೂ ಟೊಳ್ಳು, ಅವೇ ಮೊದಲು ಕೊಳೆಯುವುದು. ಹಾಗಾಗಿ ನಾನೂ ಈ ಪಾಠ ಕೇಳುತ್ತಾ ಕೂತಿದ್ದೇನೆ. ಅಣ್ಣ, ನೇರ ವಿಷಯಕ್ಕೆ ಬನ್ನಿ. ಒಳಗೆ ಏನು ಹೊಡೆಯಬೇಕು, ಹೇಗೆ?

ತಗಡು_ತಟ್ಟುವವ

ಕ್ಯಾವಿಟಿ ವ್ಯಾಕ್ಸ್. ಟೊಳ್ಳಿಗೆ ಅಂತಲೇ ಮಾಡಿದ ಮೇಣ. ಕರಗಿಸಿದ ರೂಪದಲ್ಲಿ ಹೊಡೆಯುತ್ತೇವೆ, ಅದು ಸಂದಿಗೆ ಹರಿದು, ದ್ರಾವಕ ಆರಿದ ಮೇಲೆ ಮೆತ್ತನೆ ಪೊರೆಯಾಗಿ ನಿಲ್ಲುತ್ತದೆ. ಗಟ್ಟಿಯಾಗಿ ಬಿರುಕು ಬಿಡುವುದಿಲ್ಲ. ನಮ್ಮಲ್ಲಿ ವುರ್ತ್, ಲಿಕ್ವಿ ಮೋಲಿ ಇವರದ್ದು ಸಿಗುತ್ತದೆ. ಹೊರದೇಶದಲ್ಲಿ ಡೈನಿಟ್ರೋಲ್, ವ್ಯಾಕ್ಸಾಯಿಲ್, ಬಿಲ್ಟ್ ಹ್ಯಾಂಬರ್ ಅಂತ ಹೆಸರುಗಳಿವೆ. ಬ್ರ್ಯಾಂಡ್ ಬಗ್ಗೆ ಜಗಳ ಬೇಡ. ತೆಳ್ಳಗಿದ್ದು ಸಂದಿಗೆ ಹರಿಯುವಂಥದ್ದು ಮೊದಲು, ಸ್ವಲ್ಪ ದಪ್ಪದ್ದು ಆಮೇಲೆ.

ಡಬ್ಬಿಗಿಂತ ನಳಿಕೆ ಮುಖ್ಯ. ಮಾಮೂಲಿ ಸ್ಪ್ರೇ ಕ್ಯಾನಿನ ಮೂತಿ ತೂತಿಗೆ ಇಟ್ಟು ಒತ್ತಿದರೆ ಎದುರಿನ ತಗಡಿಗೆ ಒಂದು ಉಂಡೆ ಬೀಳುತ್ತದೆ, ಅಷ್ಟೆ. ಉದ್ದದ, ಬಗ್ಗುವ ನೈಲಾನ್ ನಳಿಕೆ ಬೇಕು, ತುದಿಯಲ್ಲಿ ಸುತ್ತಲೂ ಚಿಮ್ಮುವ ಮೂತಿ ಇರಬೇಕು. ಅದನ್ನು ಮೊದಲು ಹೊರಗೆ ರಟ್ಟಿನ ಡಬ್ಬದೊಳಗೆ ಹೊಡೆದು ನೋಡಿ. ಡಬ್ಬದ ನಾಲ್ಕೂ ಗೋಡೆ ಒಂದೇ ಸಮ ಒದ್ದೆಯಾದರೆ ಸರಿ, ಒಂದೇ ಗೋಡೆ ಒದ್ದೆಯಾದರೆ ಮೂತಿಯಲ್ಲಿ ಕಸ ಇದೆ.

ಕೆಲಸದ ಕ್ರಮ ಹೇಳುತ್ತೇನೆ. ಸೀಟು, ಮ್ಯಾಟು, ಬಾಗಿಲ ಅಡಿಯ ಸ್ಟೆಪ್ ಪ್ಲೇಟ್ ಎಲ್ಲ ಬಿಚ್ಚಿ. ಒಳಗಿನ ಸಡಿಲ ಮಣ್ಣು, ಚಕ್ಕೆ ಎಲ್ಲ ಹೊರಗೆ ಬರಬೇಕು. ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ತೆಳ್ಳನೆ ಪೈಪ್ ಟೇಪ್ ಸುತ್ತಿ ಸಿಕ್ಕಿಸಿದರೆ ಒಳ್ಳೇ ಎಳೆಯುತ್ತದೆ. ಉಪ್ಪು ಇರುವುದರಿಂದ ಸಿಹಿನೀರಲ್ಲಿ ಒಳಗಿನಿಂದ ತೊಳೆಯಲೇಬೇಕು, ಅಡಿಯ ಕಿಂಡಿಯಿಂದ ತಿಳಿನೀರು ಬರುವ ತನಕ. ಆಮೇಲೆ ಒಣಗಿಸುವುದು. ಜನ ಅವಸರ ಮಾಡುವುದು ಇಲ್ಲೇ. ಕಂಪ್ರೆಸರ್ ಗಾಳಿ ಊದಿ, ಬಾಗಿಲು ತೆರೆದಿಟ್ಟು ಬಿಸಿಲಲ್ಲಿ ನಿಲ್ಲಿಸಿ. ಕೈಗೆ ಒಣ ಅನಿಸಿದ ಮೇಲೂ ಇನ್ನೆರಡು ದಿನ ಬಿಡಿ, ಸಂದಿಯ ನೀರು ಕಡೆಗೆ ಹೋಗುವುದು. ಫೆಬ್ರವರಿ, ಮಾರ್ಚ್‌ನಲ್ಲೇ ಮಾಡಬೇಕು ಅನ್ನುವುದು ಇದಕ್ಕೇ. ಮೇ ಕೊನೆಗೆ ಗಾಳಿಯೇ ಒದ್ದೆ.

ಹೊಡೆಯುವಾಗ ನಳಿಕೆ ಕೊನೆ ತನಕ ಒಳಗೆ ತಳ್ಳಿ, ಎಷ್ಟು ಹೋಯಿತು ಅಂತ ಟೇಪಿನಲ್ಲಿ ಗುರುತು ಮಾಡಿ, ಹೊಡೆಯುತ್ತಾ ನಿಧಾನಕ್ಕೆ ಹಿಂದೆ ಎಳೆಯಿರಿ. ಪಕ್ಕದ ತೂತುಗಳಿಂದ ಮಂಜಿನ ಹಾಗೆ ಬರುತ್ತದೆ, ಅಡಿ ಕಿಂಡಿಯಿಂದ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದರೆ ಖುಷಿಪಡಿ, ತಳ ತನಕ ತಲುಪಿದೆ ಅಂತ ಅರ್ಥ. ಸಿಲ್‌ನೊಳಗೆ ಅಡ್ಡ ಗೋಡೆಗಳಿದ್ದರೆ ಪ್ರತಿ ಕೋಣೆಗೂ ಬೇರೆ ದಾರಿಯಿಂದ ಹೋಗಬೇಕು. ಕ್ಯಾಮೆರಾ ಇದೆಯಲ್ಲ, ಹೊಡೆಯುವ ಮುಂಚೆ ನಕ್ಷೆ ಬರೆದುಕೊಳ್ಳಿ. ಹಿಂದಿನ ಲೀಫ್ ಸ್ಪ್ರಿಂಗ್ ಬ್ರಾಕೆಟ್ ಕೂತಿರುವ ಬಾಕ್ಸ್ ಮೆಂಬರ್ ಮರೆಯಬೇಡಿ. ಅಲ್ಲಿ ತುಕ್ಕು ಹಿಡಿದರೆ ಬರೀ ಅಂದದ ಪ್ರಶ್ನೆ ಅಲ್ಲ, ಆಕ್ಸಲ್ ಹಿಡಿದಿರುವ ಜಾಗ ಅದು.

ಮೂರ್ನಾಲ್ಕು ಲೀಟರ್ ಬೇಕಾಗಬಹುದು. ಮರುದಿನ ಮತ್ತೆ ಕಡ್ಡಿ ಹಾಕಿ ಕಿಂಡಿಗಳು ತೆರೆದಿವೆಯಾ ನೋಡಿ. ಮೇಣವೇ ಕಿಂಡಿ ಮುಚ್ಚಿದರೆ ಅಂಡರ್‌ಕೋಟ್ ಕಥೆಯೇ ಮತ್ತೆ.

ಕಾಪು_ಪದ್ಮಿನಿ

ಎಡಗಡೆ ಮುಂದಿನ ಕೋಣೆಗೆ ದಾರಿಯೇ ಇಲ್ಲ ಅಣ್ಣ. ಡ್ರಿಲ್ ಮಾಡಬಹುದಾ? ಫ್ಯಾಕ್ಟರಿ ಬಾಡಿಗೆ ತೂತು ಹಾಕುವುದು ಮನಸ್ಸಿಗೆ ಕಷ್ಟ.

ತಗಡು_ತಟ್ಟುವವ

ಮಾಡಬಹುದು. ಒಳಗಿನ ಬದಿಯಲ್ಲಿ, ಮ್ಯಾಟ್ ಮುಚ್ಚುವ ಕಡೆ, ಚಪ್ಪಟೆ ಜಾಗದಲ್ಲಿ. ಮಡಿಕೆಯ ಮೇಲೆ ಬೇಡ, ವೆಲ್ಡ್ ಅಂಚಿನ ಹತ್ತಿರ ಬೇಡ, ಜಾಕಿ ಕೊಡುವ ಜಾಗದಲ್ಲಂತೂ ಬೇಡವೇ ಬೇಡ. ಹತ್ತೋ ಹನ್ನೆರಡೋ ಮಿಲಿಮೀಟರ್ ಸಾಕು. ಡ್ರಿಲ್ ತೂರುವ ಮುಂಚೆ ಹಿಂದೆ ವೈರ್, ಬ್ರೇಕ್ ಪೈಪ್, ಪೆಟ್ರೋಲ್ ಪೈಪ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಹಚ್ಚಿ, ರಬ್ಬರ್ ಬುಚ್ಚು ಹಾಕಿ. ಬರಿ ತಗಡಿನ ಅಂಚು ಬಿಟ್ಟರೆ ನಾವೇ ಹೊಸ ತುಕ್ಕಿಗೆ ಮುಹೂರ್ತ ಇಟ್ಟಂತೆ.

ಮ್ಯೂನಿಕ್_ಮೈಸೂರಿಗ

ಇಲ್ಲಿ ಚಳಿಗಾಲದಲ್ಲಿ ರಸ್ತೆಗೇ ಉಪ್ಪು ಸುರಿಯುತ್ತಾರೆ, ಹಾಗಾಗಿ ಟೊಳ್ಳಿನ ತುಕ್ಕು ಅನ್ನುವುದು ಊಟದ ಮೇಜಿನ ಮಾತು. ಹಳೇ ಗಾಡಿಯ ಸಿಲ್ ಕೊಳೆತಿದ್ದರೆ ಕಡ್ಡಾಯ ತಪಾಸಣೆಯಲ್ಲಿ ಪಾಸ್ ಮಾಡುವುದಿಲ್ಲ, ಅದಕ್ಕೆ ಎಲ್ಲರೂ ಎಚ್ಚರ.

ಮೇಣದ ಬದಲು ಗ್ರೀಸ್ ಹಾಕುವ ಪಂಗಡ ಇಲ್ಲಿ ದೊಡ್ಡದು. ಮೈಕ್ ಸ್ಯಾಂಡರ್ಸ್ ಅನ್ನುವ ಗ್ರೀಸ್, ಅದನ್ನು ನೂರು ಡಿಗ್ರಿ ಆಸುಪಾಸು ಬಿಸಿ ಮಾಡಿ ಎಣ್ಣೆಯ ಹಾಗೆ ಮಾಡಿ ಹೊಡೆಯುತ್ತಾರೆ. ಅದು ಒಣಗುವುದೇ ಇಲ್ಲ. ಬೇಸಿಗೆಯಲ್ಲಿ ಗಾಡಿ ಬಿಸಿಯಾದಾಗಲೆಲ್ಲ ಸ್ವಲ್ಪ ಕರಗಿ ಸಂದಿಯೊಳಗೆ ಇನ್ನಷ್ಟು ತೆವಳುತ್ತದೆ. ಇಲ್ಲಿನ ಬೇಸಿಗೆಗೆ ಅದು ಗುಣ. ಕಾಪುವಿನ ಏಪ್ರಿಲ್‌ಗೆ? ಬಾಗಿಲ ಅಡಿಯಿಂದ ಕಂದು ಗೆರೆ ಇಳಿದು ಬಣ್ಣ ಹಾಳು. ಯಾವುದೇ ಮೇಣ ತಗೊಂಡರೂ ಎಷ್ಟು ಬಿಸಿಗೆ ಇಳಿಯುತ್ತದೆ ಅಂತ ಡಬ್ಬಿ ಮೇಲೆ ನೋಡಿ ತಗೊಳ್ಳಿ. ನೆರಳಲ್ಲಿರುವ ಸಿಲ್‌ಗಿಂತ ಬಿಸಿಲು ತಿನ್ನುವ ಬಾನೆಟ್, ಡಿಕ್ಕಿ ಮುಚ್ಚಳದ ಒಳಗೂಡು ಎಷ್ಟೋ ಜಾಸ್ತಿ ಕಾಯುತ್ತವೆ.

ಕೆನಡಾದಲ್ಲಿರುವ ನನ್ನ ತಮ್ಮ ಮೇಣವನ್ನೇ ನಂಬುವುದಿಲ್ಲ. ಅಲ್ಲಿ ಪ್ರತಿ ವರ್ಷ ತೆಳು ಎಣ್ಣೆ ಹೊಡೆಸುವ ಕ್ರೌನ್‌ನಂಥ ಅಂಗಡಿಗಳಿಗೆ ಸಾಲು ನಿಲ್ಲುತ್ತಾರೆ. ತುಕ್ಕು ಆಗಲೇ ಹಿಡಿದಿರುವ ಕಡೆ ತೆಳು ಎಣ್ಣೆ ಮೇಣಕ್ಕಿಂತ ಆಳಕ್ಕೆ ಇಳಿಯುತ್ತದೆ ಅನ್ನುವುದು ಅವರ ವಾದ, ಅದು ಸುಳ್ಳಲ್ಲ. ಆದರೆ ವರ್ಷ ವರ್ಷ ತಪ್ಪಿಸುವ ಹಾಗಿಲ್ಲ.

ಮರವಂತೆ_ಬೋಟ್

ಮನೆಯಲ್ಲೇ ಮಾಡಿಕೊಳ್ಳುವ ದಾರಿ ಇಲ್ವಾ? ಇಂಪೋರ್ಟ್ ಡಬ್ಬಿ ತರಿಸುವಷ್ಟರಲ್ಲಿ ಇನ್ನೊಂದು ಪದ್ಮಿನಿ ಬರುತ್ತದೆ.

ಮ್ಯೂನಿಕ್_ಮೈಸೂರಿಗ

ಲ್ಯಾನೋಲಿನ್. ಕುರಿ ಉಣ್ಣೆಯ ಜಿಡ್ಡು. ಕಾಸ್ಮೆಟಿಕ್ ಮಾಡುವವರಿಗೆ ಕೆಮಿಕಲ್ ಅಂಗಡಿಗಳು ಕೊಡುತ್ತವೆ. ಅದನ್ನು ಪೇಂಟಿಗೆ ಹಾಕುವ ಮಿನರಲ್ ಟರ್ಪಂಟೈನ್‌ನಲ್ಲಿ ಕರಗಿಸಿದರೆ ಹೊಡೆಯುವಷ್ಟು ತೆಳುವಾಗುತ್ತದೆ. ಫ್ಲೂಯಿಡ್ ಫಿಲ್ಮ್ ಅನ್ನುವ ಪ್ರಸಿದ್ಧ ಸ್ಪ್ರೇಯ ಮೂಲವೂ ಲ್ಯಾನೋಲಿನ್ನೇ. ಆದರೆ ಒಲೆಯ ಮೇಲೆ ಟರ್ಪಂಟೈನ್ ಇಡಬೇಡಿ ದಯವಿಟ್ಟು. ಲ್ಯಾನೋಲಿನ್ ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಮೆತ್ತಗೆ ಮಾಡಿ, ಹೊರಗೆ ಅಂಗಳಕ್ಕೆ ತಂದು, ಬೆಂಕಿ ಹತ್ತಿರ ಇಲ್ಲದ ಕಡೆ ಬೆರೆಸಿ.

ತಗಡು_ತಟ್ಟುವವ

ಬೆಂಕಿ ಅಂದದ್ದಕ್ಕೆ ನೆನಪಾಯಿತು. ಮೊದಲು ವೆಲ್ಡಿಂಗ್, ಆಮೇಲೆ ಮೇಣ. ಹಿಂದೆ ಮುಂದೆ ಆಗಲೇಬಾರದು. ಮೇಣ ಹಾಕಿದ ಸಿಲ್‌ಗೆ ಗ್ಯಾಸ್ ತೋರಿಸಿದರೆ ಒಳಗೇ ಹೊತ್ತಿಕೊಳ್ಳುತ್ತದೆ, ಹೊರಗಿನಿಂದ ಆರಿಸಲು ಆಗುವುದಿಲ್ಲ. ಹೊಡೆಯುವ ದಿನ ಬ್ಯಾಟರಿ ವೈರ್ ಬಿಚ್ಚಿ, ಶೆಡ್ ಬಾಗಿಲು ತೆರೆದಿಡಿ, ಬೀಡಿ ಸೇದುವ ಹೆಲ್ಪರ್ ಇದ್ದರೆ ಚಾ ಕುಡಿಯಲು ಕಳಿಸಿ. ಮುಂದೆ ಯಾವತ್ತಾದರೂ ಆ ಗಾಡಿಗೆ ವೆಲ್ಡಿಂಗ್ ಬಂದರೆ ಟಿಂಕರ್‌ಗೆ ಬಾಯಿಬಿಟ್ಟು ಹೇಳಿ, ಒಳಗೆ ಮೇಣ ಇದೆ ಅಂತ.

ಹೊಡೆಯುವಾಗ ಬ್ರೇಕ್ ಡ್ರಮ್, ಸೈಲೆನ್ಸರ್ ಪೈಪ್ ಮುಚ್ಚಿಡಿ. ಸೀಟ್ ಬೆಲ್ಟ್ ಸುರುಳಿ ಇರುವ ಕಂಬಕ್ಕೆ ಹೊಡೆಯಬೇಡಿ. ಬಾಗಿಲೊಳಗೆ ಅಡಿಯಂಚಿಗೆ ಮಾತ್ರ ಸಾಕು, ಗ್ಲಾಸ್ ಓಡುವ ಚಾನೆಲ್‌ಗೆ ಹೋದರೆ ಗ್ಲಾಸ್ ಮಬ್ಬು.

ಕಾಪು_ಪದ್ಮಿನಿ

ಒಳಗಿನ ತುಕ್ಕಿಗೆ ಮೊದಲು ರಸ್ಟ್ ಕನ್ವರ್ಟರ್ ಸುರಿದರೆ? ತುಕ್ಕನ್ನು ಕಪ್ಪಾಗಿಸಿ ನಿಲ್ಲಿಸುತ್ತದೆ ಅಂತಾರಲ್ಲ.

ಕೆಮಿಸ್ಟ್ರಿ_ಮೇಡಂ

ಕಬ್ಬಿಣದ ಮೆಟ್ಟುಕತ್ತಿಯಲ್ಲಿ ನೆಲ್ಲಿಕಾಯಿ ಹೆಚ್ಚಿದರೆ ಕಪ್ಪಾಗುತ್ತಲ್ಲ, ಕನ್ವರ್ಟರ್ ಡಬ್ಬಿಯಲ್ಲಿ ನಡೆಯುವುದೂ ಅದೇ. ಟ್ಯಾನಿನ್, ಕಬ್ಬಿಣ ಸೇರಿ ಕಪ್ಪು ವಸ್ತು. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲವೂ ಇರುತ್ತದೆ. ಕಣ್ಣಿಗೆ ಕಾಣುವ, ಬ್ರಶ್‌ನಲ್ಲಿ ಉಜ್ಜಿ, ಹೆಚ್ಚಾದದ್ದನ್ನು ಒರೆಸಿ, ಮೇಲೆ ಬಣ್ಣ ಹೊಡೆಯಬಹುದಾದ ಕಡೆ ಅದು ಕೆಲಸ ಮಾಡುತ್ತದೆ. ಮುಚ್ಚಿದ ಟೊಳ್ಳಿನಲ್ಲಿ ಮೇಲಿನ ಪದರ ಕಪ್ಪಾಗುತ್ತದೆ, ದಪ್ಪ ಚಕ್ಕೆಯ ಅಡಿಯದ್ದು ಹಾಗೇ ಇರುತ್ತದೆ. ಉಳಿದ ಆಮ್ಲ ಸಂದಿಗೆ ಇಳಿದು ಕೂರುತ್ತದೆ, ತೊಳೆಯಲು ಆಗುವುದಿಲ್ಲ. ನನ್ನ ಮಟ್ಟಿಗೆ ಬೇಡ.

ಬೆಂಗಳೂರು_ಹೆರಾಲ್ಡ್

ಮತ್ತೆ ಆ ಎಲೆಕ್ಟ್ರಾನಿಕ್ ಡಬ್ಬಿ? ಬ್ಯಾಟರಿಗೆ ಎರಡು ವೈರ್ ಕೊಟ್ಟರೆ ಇಡೀ ಗಾಡಿಗೆ ತುಕ್ಕೇ ಬರಲ್ಲ ಅಂತ ಜಾಹೀರಾತು ಬರುತ್ತಿರುತ್ತೆ.

ಮರವಂತೆ_ಬೋಟ್

ಇದು ನನಗೆ ಗೊತ್ತು. ಉಕ್ಕಿನ ಬೋಟಿನ ತಳಕ್ಕೆ ಸತುವಿನ ಗಟ್ಟಿ ಕಟ್ಟುತ್ತೇವೆ. ಕಬ್ಬಿಣದ ಬದಲು ಸತು ಸವೆಯುತ್ತದೆ, ಸವೆದ ಮೇಲೆ ಬೇರೆ ಹಾಕುತ್ತೇವೆ. ಅದು ನಡೆಯುವುದು ಗಟ್ಟಿಯೂ ಬೋಟೂ ಒಂದೇ ಸಮುದ್ರದ ನೀರಲ್ಲಿ ಮುಳುಗಿರುವುದರಿಂದ. ನೀರಿಂದ ಮೇಲಿನ ಭಾಗಕ್ಕೆ ಅದೇ ಸತುವಿನಿಂದ ಏನೂ ಉಪಯೋಗ ಇಲ್ಲ, ಅಲ್ಲಿಗೆ ಪೇಂಟೇ ಗತಿ. ನಿಮ್ಮ ಹೆರಾಲ್ಡ್ ಸಮುದ್ರದೊಳಗೆ ಓಡುತ್ತದೆ ಅಂದರೆ ಹಾಕಿಸಿ.

ಮ್ಯೂನಿಕ್_ಮೈಸೂರಿಗ

ಸರಿಯಾದ ಮಾತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲೇ ಇಂಥ ಡಬ್ಬಿ ಮಾರುತ್ತಿದ್ದ ಒಂದು ಕಂಪನಿಯ ಮೇಲೆ ಕ್ರಮ ತಗೊಂಡಿತ್ತು.

ಕಾಫಿತೋಟ_ಅಂಬಾಸಿಡರ್

ಒಂದು ಪ್ರಶ್ನೆ. ಸಿಲ್ ಒಳಗೆ ಪಿಯು ಫೋಮ್ ತುಂಬಿಸಿಬಿಟ್ಟರೆ ನೀರಿಗೆ ಜಾಗವೇ ಇರುವುದಿಲ್ಲ ಅಲ್ವಾ? ಬಾಗಿಲ ಚೌಕಟ್ಟಿಗೆ ಬಡಗಿಗಳು ಹಾಕುವುದು ನೋಡಿದ್ದೇನೆ.

ತಗಡು_ತಟ್ಟುವವ

ಅಯ್ಯೋ, ಬೇಡ ಸರ್. ಫೋಮ್ ತಗಡಿಗೆ ಎಲ್ಲ ಕಡೆ ಒಂದೇ ಸಮ ಅಂಟುವುದಿಲ್ಲ. ಸಣ್ಣ ಸಂದಿ ಉಳಿಯುತ್ತದೆ, ನೀರು ಅಲ್ಲಿ ಹೊಕ್ಕು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಆಮೇಲೆ ಮೇಣವೂ ಹೋಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ, ವೆಲ್ಡಿಂಗ್‌ಗೆ ಬೆಂಕಿ ಕೊಟ್ಟರೆ ವಿಷದ ಹೊಗೆ. ಕೊಳೆತ ಸಿಲ್ ಮುಚ್ಚಿಟ್ಟು ಮಾರುವವರು ಫೋಮ್ ತುಂಬಿ ಮೇಲೆ ಪುಟ್ಟಿ ಮೆತ್ತುತ್ತಾರೆ. ಹಳೇ ಗಾಡಿ ತಗೊಳ್ಳುವಾಗ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಸಿಲ್‌ಗೆ ಅಂಟಿಕೊಳ್ಳದೆ ಜಾರಿದರೆ ಬೆಲೆ ಮಾತ್ರವಲ್ಲ, ಗಾಡಿಯನ್ನೇ ಬಿಟ್ಟು ಬನ್ನಿ.

ಮರವಂತೆ_ಬೋಟ್

ತೊಳೆಯುವ ವಿಷಯಕ್ಕೆ ಒಂದು. ಅಣ್ಣ ಸಿಹಿನೀರಲ್ಲಿ ತೊಳೆಯಿರಿ ಅಂದರು. ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಎಷ್ಟೋ ಬಾವಿಗಳ ನೀರೇ ಉಪ್ಪು. ಆ ನೀರಲ್ಲಿ ದಿನಾ ಗಾಡಿ ತೊಳೆದರೆ ಉಪ್ಪಿನ ಅಭಿಷೇಕ. ಬಾಯಿಗೆ ಹಾಕಿ ನೋಡಿ, ಇಲ್ಲವಾದರೆ ಮಳೆನೀರು ಹಿಡಿದಿಟ್ಟದ್ದು ಬಳಸಿ. ಜೂನ್‌ನಿಂದ ಆಕಾಶವೇ ಸಿಹಿನೀರು ಕೊಡುತ್ತದೆ, ಗಾಡಿಯ ಅಡಿಗೆ ಹೊಡೆಯಲು ಅದಕ್ಕಿಂತ ಒಳ್ಳೆಯದು ಇಲ್ಲ.

ಇನ್ನು ಟಾರ್ಪಲ್ ಹೊದಿಸಿ ಕಟ್ಟುವವರು. ನೆಲ ಮಣ್ಣಿನದ್ದಾದರೆ ಅಡಿಯಿಂದ ಏಳುವ ತೇವ ಎಲ್ಲಿ ಹೋಗಬೇಕು? ಟಾರ್ಪಲ್ ಒಳಗೇ ಬೆವರಿ ಗಾಡಿ ಮೇಲೆ ಬೀಳುತ್ತದೆ. ಮೇಲೆ ಮಾಡು ಇದ್ದು, ಪಕ್ಕ ಗಾಳಿ ಆಡಿದರೆ ಸಾಕು.

ಬೆಂಗಳೂರು_ಹೆರಾಲ್ಡ್

ನಮ್ಮೂರಲ್ಲಿ ಉಪ್ಪೂ ಇಲ್ಲ, ಮಳೆಯೂ ನಿಮ್ಮ ಕಾಲು ಭಾಗ. ನಾನು ಸುಮ್ನೆ ಇದ್ದರೆ ಆಗಲ್ವಾ?

ತಗಡು_ತಟ್ಟುವವ

ಆಗುತ್ತದೆ, ಬೇಸ್‌ಮೆಂಟ್ ಪಾರ್ಕಿಂಗ್ ಇಲ್ಲ ಅಂದರೆ. ಸೋರುವ ಬೇಸ್‌ಮೆಂಟಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ, ದಿನಾ ಬಿಸಿಲಿಗೆ ಓಡುವ ಕರಾವಳಿ ಗಾಡಿಗಿಂತ ಕೆಟ್ಟದ್ದಿರುತ್ತದೆ. ಹೇಗೂ ಚಾಸಿಸ್ ಕೈಗಳೊಳಗೆ ತೆಳು ಮೇಣ ಒಮ್ಮೆ ಹೋಗಲಿ, ಎರಡು ಮೂರು ವರ್ಷಕ್ಕೊಮ್ಮೆ ಕ್ಯಾಮೆರಾ ಹಾಕಿ ನೋಡಿ. ಕರಾವಳಿಯವರು ಪ್ರತಿ ವರ್ಷ ನೋಡಲೇಬೇಕು. ಪೊರೆ ತೆಳುವಾದ ಕಡೆ ಮಾತ್ರ ಮತ್ತೆ ಹೊಡೆದರೆ ಸಾಕು.

ಕಾಪು_ಪದ್ಮಿನಿ

ಎಲ್ಲರಿಗೂ ಧನ್ಯವಾದ. ಅಂಡರ್‌ಕೋಟ್ ಬುಕಿಂಗ್ ಕ್ಯಾನ್ಸಲ್ ಮಾಡಿದೆ. ಎಡಗಡೆಯ ಗುಪ್ಪೆ ತೆಗೆದು ತೊಳೆದದ್ದೂ ಆಯಿತು. ಚಕ್ಕೆ ಉದುರಿದ ಮೇಲೆ ಒಳಗಿನಿಂದ ಟಾರ್ಚ್ ಬಿಟ್ಟರೆ ಹೊರಗಿನ ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಬೆಳಕು ಎರಡು ಕಡೆ ಕಾಣುತ್ತದೆ. ಇದಕ್ಕೆ ಮೇಣ ಸಾಕಾ, ತಗಡು ಕತ್ತರಿಸಬೇಕಾ?

ತಗಡು_ತಟ್ಟುವವ

ಬೆಳಕು ಕಂಡರೆ ಕತ್ತರಿಸಬೇಕು. ಗಟ್ಟಿ ತಗಡು ಸಿಗುವ ತನಕ ಹಿಂದೆ ಸರಿದು, ಹೊಸ ತುಂಡು ಅಂಚಿಗೆ ಅಂಚು ಕೂರಿಸಿ ವೆಲ್ಡ್ ಮಾಡಿಸಿ. ಹಳೇ ತಗಡಿನ ಮೇಲೆ ಹೊಸದನ್ನು ತೇಪೆ ಹಾಕಲು ಬಿಡಬೇಡಿ, ಮತ್ತೊಂದು ಸಂದಿ ಹುಟ್ಟುತ್ತದೆ. ಕತ್ತರಿಸುವ ಮುಂಚೆ ಬಾಡಿಗೆ ಸಮವಾಗಿ ಆಧಾರ ಕೊಟ್ಟು, ಬಾಗಿಲು ಹಾಕಿ, ಅದರ ಸುತ್ತಲಿನ ಸಂದಿ ಅಳೆದು ಬರೆದಿಡಿ. ಕೆಲಸ ಆದ ಮೇಲೆ ಅಳತೆ ಅದೇ ಇರಬೇಕು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ, ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ.

ವೆಲ್ಡ್ ತಣ್ಣಗಾಗಿ, ಹೊರಗೆ ಪ್ರೈಮರ್ ಆದ ಮೇಲೆ ಹೇಳಿ. ನನ್ನ ನಳಿಕೆ ಉಡುಪಿಯ ಗೆಳೆಯನ ಹತ್ತಿರ ಇದೆ, ಕೊಡಿಸುತ್ತೇನೆ. ವಾಪಸ್ ಕೊಡುವಾಗ ಟರ್ಪಂಟೈನಲ್ಲಿ ತೊಳೆದು ಕೊಡಿ, ಹೋದ ಸಲ ತಗೊಂಡವರು ಮೂತಿ ಕಟ್ಟಿಸಿ ಕಳಿಸಿದ್ದರು.